ಸರ್ ರೊನಾಲ್ಡ್ ರಾಸ್ ಅವರ ಜೀವಿತ

ಶಿಕಾರಿಪುರ, ಸೊರಬ ಸೀಮೆಗಳ ಕೆರೆಬಯಲುಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಮಲೆನಾಡಿನ ಜ್ವರದ ಮಾತು ಹೊಸದಲ್ಲ. ನೀರು ನಿಂತೆಡೆ ಚಳಿಜ್ವರ ಹೆಚ್ಚೆಂಬುದನ್ನು ಹಿರಿಯರು ಬಹುಕಾಲದಿಂದ ಕಂಡಿದ್ದರು. ಕಂಡದ್ದು ಸತ್ಯವೇ. ಆದರೆ ಜೌಗುನೆಲದ ಕೆಟ್ಟ ಗಾಳಿಯೇ ಅದಕ್ಕೆ ಕಾರಣವೆಂದು ಯೂರೋಪಿನ ಪಂಡಿತರು ತೀರ್ಮಾನಿಸಿದ್ದು ತಪ್ಪಾಯಿತು. ಮಲೇರಿಯ ಎಂಬ ಹೆಸರಿಗೂ ಕೆಟ್ಟ ಗಾಳಿಯೆಂದೇ ಅರ್ಥ. ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧವೆನ್ನುವರು. ಒಂದು ಮತ್ತೊಂದನ್ನು ಉಂಟುಮಾಡಿತೆನ್ನಲು ಅಷ್ಟೇ ಸಾಲದು.

ರಾಸ್ ಅವರು 1857ನೆಯ ಇಸವಿ ಮೇ 13ರಂದು ಅಲ್ಮೋರದಲ್ಲಿ ಜನಿಸಿದರು. 1881ರಲ್ಲಿ ಸರ್ಕಾರದ ವೈದ್ಯಸೇವೆಯನ್ನು ಸೇರಿ, 1883ರಲ್ಲಿ ಬೆಂಗಳೂರಿಗೆ ಬಂದರು. ಅಲ್ಲಿಯ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಹುಳುಗಳು ಆಡುತ್ತಿರುವುದನ್ನು ನೋಡಿ ನೀರನ್ನು ಚೆಲ್ಲಿಸಲು, ಕಾಟ ತಗ್ಗಿತು. ನೋಡಿ ಊಹಿಸುವುದು ಬೇರೆ, ಒಂದನ್ನು ಬದಲಿಸಿ ಮತ್ತೊಂದೇನಾಗುವುದೆಂದು ಪರೀಕ್ಷಿಸುವುದು ಬೇರೆ. ಲೆಕ್ಕದ ತರಗತಿಯಲ್ಲಿ ನಾವು ಈ ತೊಟ್ಟಿಯ ಕಥೆಯನ್ನು ಹೇಳುವುದುಂಟು; ಸೂತ್ರಕ್ಕಿಂತ ಬೇಗನೆ ಅದು ಬಾಲಕಿಯರ ಮನಸ್ಸಿಗೆ ಹತ್ತುತ್ತದೆ.

1894ರಲ್ಲಿ ಲಂಡನ್ನಿನ ಡಾಕ್ಟರ್ ಮ್ಯಾನ್ಸನ್ ಅವರು ಮಲೇರಿಯಕ್ಕೂ ಸೊಳ್ಳೆಗೂ ಸಂಬಂಧವಿರಬಹುದೆಂಬ ತಮ್ಮ ಊಹೆಯನ್ನು ಇವರಿಗೆ ತಿಳಿಸಿದರು. ಆದರೆ ಸೊಳ್ಳೆ ಹೇರಳವಾಗಿದ್ದೂ ಜ್ವರವಿಲ್ಲದ ಊರುಗಳಿದ್ದುವಲ್ಲ! ಸೊಳ್ಳೆಗಳಲ್ಲಿ ಜಾತಿಭೇದವುಂಟೆಂಬುದೇ ಆ ಒಗಟಿನ ಉತ್ತರ. ಅದನ್ನರಿಯುವ ಮೊದಲು ರಾಸರು ಸಿಕಂದರಾಬಾದಿನ ಬೇಸಗೆಯಲ್ಲಿ ಬೆವರುತ್ತಾ, ಬೇರೆ ಜಾತಿಯ ಸೊಳ್ಳೆಗಳನ್ನೇ ಎರಡು ವರ್ಷ ಸೀಳಿ ನೋಡಿದ್ದರು. ಕೊನೆಗೆ 1897ನೆಯ ಆಗಸ್ಟ್ 20ರಂದು, ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಹೀರಿದ್ದ ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡಿತು. ಮರುವರ್ಷ ಕಲ್ಕತ್ತೆಯಲ್ಲಿ, ರೋಗವುಳ್ಳ ಸೊಳ್ಳೆಗಳಿಂದ ಆರೋಗ್ಯವುಳ್ಳ ಪಕ್ಷಿಗಳನ್ನು ಕಚ್ಚಿಸಿ, ಅವುಗಳಿಗೂ ರೋಗ ಹತ್ತುವುದೆಂದು ತೋರಿಸಿದರು. ಜೊತೆಗಿರುವುದು ಕಾರಣವೆಂದು ಸಿದ್ಧವಾದದ್ದು ಆಗಲೇ. 1902ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಕೀರ್ತಿಗಾಗಿ ಇಟಲಿಯ ಗ್ರಾಸ್ಸಿಯವರೊಡನೆ ಅವರು ನಡೆಸಿದ ಕಹಿ ವ್ಯಾಜ್ಯವು ನಮಗೆ ಹಿಡಿಸದು.

ಅವರು ಗಣಿತದಲ್ಲಿಯೂ ನಿಪುಣರು. ಸೊಳ್ಳೆಗೂ ಜ್ವರಕ್ಕೂ ಇರುವ ಸಂಬಂಧವು ಸರಳರೇಖೆಯಂತಲ್ಲ. ಸೊಳ್ಳೆಗಳು ಒಂದು ಮಿತಿಗಿಂತ ಕಡಿಮೆಯಾದರೆ, ಪೂರ್ತಿ ನಾಶವಾಗದಿದ್ದರೂ ಜ್ವರವು ತಾನೇ ನಂದುವುದೆಂದು ಲೆಕ್ಕದಿಂದ ತೋರಿಸಿದರು. 1932ನೆಯ ಸೆಪ್ಟೆಂಬರ್ 16ರಂದು ಕಾಲವಾದರು.

ಅವರು ಹುಟ್ಟಿ ನೂರು ವರ್ಷವಾದ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಘೋರ ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು. ಎರಡೂ ಒಟ್ಟಿಗೆ ಕಂಡದ್ದರಿಂದ ಮಂಗನ ಕಾಯಿಲೆ ಎಂಬ ಹೆಸರು ನಿಂತಿತು. ಆದರೆ ಮಂಗನನ್ನೂ ಮನುಷ್ಯನನ್ನೂ ಕಚ್ಚಿ ವಿಷಾಣುವನ್ನು ಹರಡುವುದು ಕಾಡಿನ ಉಣುಗು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಆ ನೆಲದಲ್ಲಿಯೇ ಉಳಿಯುವುವು. ಆದುದರಿಂದ ಇಂದಿಗೂ ಮಂಗ ಸತ್ತಿತೆಂದು ಕೇಳಿದ ಕೂಡಲೆ ಆರೋಗ್ಯ ಇಲಾಖೆಯವರು ಅದನ್ನು ಮುನ್ಸೂಚನೆಯೆಂದೆಣಿಸಿ, ಸೊಪ್ಪು ಸೌದೆಗಾಗಿ ಆ ಭಾಗಕ್ಕೆ ಹೋಗಬೇಡಿರೆಂದು ಜನರನ್ನು ಎಚ್ಚರಿಸುತ್ತಾರೆ.