ಕ್ಯಾಪ್ಟನ್ ಬ್ಲೈ ಮತ್ತು 23 ಅಡಿಯ ದೋಣಿ

ಮಂಗಳೂರು ಕಡೆಯ ಗೆಳೆಯರಿಗೆ ಜೀಗುಜ್ಜೆ ಗೊತ್ತು, ಉಳಿದವರು ಅದನ್ನ ದೀವಿ ಹಲಸು ಅಂತಾರೆ. ಪೋಡಿ ಮಾಡಿದ್ರೆ ತಟ್ಟೆ ಖಾಲಿಯಾಗಿದ್ದೇ ತಿಳಿಯಲ್ಲ. ಇದರ ಸಸಿ ತರೋದಕ್ಕೆ ಅಂತಲೇ 1787ರಲ್ಲಿ ಬ್ರಿಟಿಷ್ ನೌಕಾಪಡೆ ಬೌಂಟಿ ಎಂಬ ಹಡಗನ್ನು ತಾಹಿತಿಗೆ ಕಳಿಸಿತು. ಅದರ ನಾಯಕ ವಿಲಿಯಂ ಬ್ಲೈ. ಸಿನಿಮಾಗಳಲ್ಲಿ ಈತ ಚಾಟಿ ಹಿಡಿದ ಖಳನಾಯಕ. ಓದೋಕೆ ಶುರು ಮಾಡುವವರೆಗೆ ನಾವೂ ಹಾಗೇ ಅಂದ್ಕೊಂಡಿದ್ವಿ.

ಬ್ಲೈ ಹುಟ್ಟಿದ್ದು 1754ರಲ್ಲಿ. 1776ರಲ್ಲಿ, ಇನ್ನೂ ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸಿನಲ್ಲೇ, ಜೇಮ್ಸ್ ಕುಕ್‌ನ ಕೊನೆಯ ಯಾನದಲ್ಲಿ ರೆಸಲ್ಯೂಷನ್ ಹಡಗಿನ ದಿಕ್ಕು-ದಾರಿ ನೋಡುವ ಜವಾಬ್ದಾರಿ ಹೊತ್ತ. ನಕ್ಷೆ, ಲೆಕ್ಕ ಎರಡರಲ್ಲೂ ಪಳಗಿದ್ದು ಅಲ್ಲೇ.

ಬೌಂಟಿ ಹೊರಟ ಉದ್ದೇಶ ಮಾತ್ರ ಒಳ್ಳೆಯದಾಗಿರಲಿಲ್ಲ. ವೆಸ್ಟ್ ಇಂಡೀಸ್ ತೋಟಗಳ ಗುಲಾಮರಿಗೆ ಅಗ್ಗದ ಊಟ ಬೇಕಿತ್ತು, ಅಷ್ಟೇ. ತಾಹಿತಿಯಲ್ಲಿ ಐದು ತಿಂಗಳು ನಿಂತು ಸಾವಿರಕ್ಕೂ ಹೆಚ್ಚು ಸಸಿ ತುಂಬಿಕೊಂಡರು. ಆ ಸುಖ ಬಿಟ್ಟು ಬಂದ ಹುಡುಗರಿಗೆ ಹಡಗಿನ ಬದುಕು ಸಾಕಾಗಿತ್ತು. ಬ್ಲೈ ಏಟು ಹೊಡೆಸಿದ್ದು ಕುಕ್‌ಗಿಂತ ಕಡಿಮೆಯೇ, ಆದರೆ ನಾಲಿಗೆ ಬಲು ಕೆಟ್ಟದು. ತೆಂಗಿನಕಾಯಿ ಕದ್ದಿರಿ ಅಂತ ಅಧಿಕಾರಿಗಳನ್ನ ಎಲ್ಲರೆದುರು ಬೈದ. ಮರುದಿನ ಬೆಳಗಿನ ಜಾವ, 1789ರ ಏಪ್ರಿಲ್ 28ರಂದು, ಫ್ಲೆಚರ್ ಕ್ರಿಶ್ಚಿಯನ್ ಮುಂದಾಳತ್ವದಲ್ಲಿ ದಂಗೆ ಆಯ್ತು. ಇದೇ ಕ್ರಿಶ್ಚಿಯನ್ ಹಿಂದೆ ಬ್ಲೈ ಕೈಕೆಳಗೇ ಕೆಲಸ ಕಲಿತವನು.

ಬ್ಲೈ ಜೊತೆ 18 ಜನರನ್ನು 23 ಅಡಿ ಉದ್ದದ ತೆರೆದ ದೋಣಿಗೆ ಇಳಿಸಿದರು. ದೋಣಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿರಲಿಲ್ಲ. ಬ್ರೆಡ್ಡು 150 ಪೌಂಡ್, ನೀರು 28 ಗ್ಯಾಲನ್. ನಕ್ಷೆ ಕೊಡಲಿಲ್ಲ. ಕೆಂಡಾಲ್ ಮಾಡಿದ ಕೆ2 ಕ್ರೋನೋಮೀಟರ್ ಕೂಡ ದಂಗೆಕೋರರ ಹತ್ತಿರವೇ ಉಳಿಯಿತು.

ಇಲ್ಲಿಂದ ಮುಂದಿನದ್ದು ನಮ್ಮಂಥವರು ಓದಲೇಬೇಕಾದ ಭಾಗ. ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಅಕ್ಷಾಂಶ ಸಿಗುತ್ತೆ, ಅದಕ್ಕೆ ಉಪಕರಣ ಇತ್ತು. ರೇಖಾಂಶಕ್ಕೆ ಸರಿಯಾದ ಸಮಯ ಬೇಕು, ಅದು ಇಲ್ಲ. ಹಾಗಾಗಿ ವೇಗ, ಕಾಲ, ದಿಕ್ಕು ಹಿಡಿದು ಪ್ರತಿದಿನ ಲೆಕ್ಕ ಹಾಕಬೇಕು. ವೇಗ ಅಳೆಯೋಕೆ ಹಗ್ಗದಲ್ಲಿ ಅಳತೆ ಮಾಡಿಕೊಂಡರು, ಸೆಕೆಂಡುಗಳನ್ನ ಬಾಯಲ್ಲೇ ಎಣಿಸುವ ಅಭ್ಯಾಸ ಮಾಡಿದರು. ಎರಡು ತೆಂಗಿನ ಚಿಪ್ಪಿನ ತಕ್ಕಡಿ ಮಾಡಿ, ಪಿಸ್ತೂಲಿನ ಗುಂಡನ್ನೇ ತೂಕದ ಬಟ್ಟು ಮಾಡಿಕೊಂಡು ಬ್ರೆಡ್ ಹಂಚಿದರು. ಒಂದು ಹೊತ್ತಿಗೆ ಸುಮಾರು 18 ಗ್ರಾಂ! ನಮ್ಮ ಮೆಸ್ ಬಗ್ಗೆ ಇನ್ನು ದೂರೋದು ಬೇಡ ಅನ್ಸುತ್ತೆ. ಮಳೆ, ಚಳಿ, ಹಗಲುರಾತ್ರಿ ನೀರು ಹೊರಚೆಲ್ಲುವ ಕೆಲಸ. ಇಷ್ಟರ ಮಧ್ಯೆಯೂ ದಾರಿಯಲ್ಲಿ ಕಂಡ ಫಿಜಿ ದ್ವೀಪಗಳ ನಕ್ಷೆ ಬರೆದುಕೊಂಡ ಆಸಾಮಿ.

ಜೂನ್ 14ರಂದು ದೋಣಿ ತಿಮೋರಿನ ಕುಪಾಂಗ್ ಮುಟ್ಟಿತು. 3,618 ನಾಟಿಕಲ್ ಮೈಲಿ, ಅಂದ್ರೆ 6,700 ಕಿಲೋಮೀಟರು. ಶುರುವಿನಲ್ಲಿ ತೋಫುವಾ ದ್ವೀಪದವರ ಕಲ್ಲೇಟಿಗೆ ಸತ್ತ ಜಾನ್ ನಾರ್ಟನ್ ಬಿಟ್ಟರೆ ಉಳಿದೆಲ್ಲರೂ ಜೀವಂತ. ಹಲವರು ಆಮೇಲೆ ಜ್ವರಕ್ಕೆ ಬಲಿಯಾದರು ಅನ್ನೋದು ಬೇರೆ ನೋವು.

1791ರಲ್ಲಿ ಮತ್ತೆ ಹೋಗಿ ಸಸಿಗಳನ್ನ ವೆಸ್ಟ್ ಇಂಡೀಸಿಗೆ ತಲುಪಿಸಿಯೇ ಬಿಟ್ಟ. ಗುಲಾಮರಿಗೆ ಮೊದಮೊದಲು ಅದರ ರುಚಿಯೇ ಹಿಡಿಸಲಿಲ್ಲ! 1801ರ ಕೋಪನ್‌ಹೇಗನ್ ಕದನದಲ್ಲಿ ನೆಲ್ಸನ್ ಕೈಕೆಳಗೆ ಹೋರಾಡಿ ಮೆಚ್ಚುಗೆ ಪಡೆದ. 1806ರಲ್ಲಿ ನ್ಯೂ ಸೌತ್ ವೇಲ್ಸ್ ಗವರ್ನರ್ ಆದ. ಅಲ್ಲಿ ರಮ್ ದಂಧೆಗೆ ಕೈ ಹಾಕಿದ್ದಕ್ಕೆ 1808ರ ಜನವರಿ 26ರಂದು ಸೈನಿಕರೇ ಬಂಧಿಸಿದರು. ದಂಧೆ ತಡೆದದ್ದು ಸರಿಯೇ. ಆದರೆ ಹೋದಲ್ಲೆಲ್ಲ ಜೊತೆಯವರು ತಿರುಗಿ ಬೀಳೋದಕ್ಕೆ ಬರೀ ದುರದೃಷ್ಟ ಕಾರಣ ಅನ್ನೋದನ್ನ ನಾವು ಒಪ್ಪಲ್ಲ. ಅಲೆಯ ಲೆಕ್ಕ ಗೊತ್ತಿದ್ದವನಿಗೆ ಮನುಷ್ಯರ ಲೆಕ್ಕ ಹತ್ತಲಿಲ್ಲ.

ವೈಸ್ ಅಡ್ಮಿರಲ್ ಆಗಿ 1817ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಸಮಾಧಿ ಇರೋದು ಲ್ಯಾಂಬೆತ್‌ನ ಹಳೆಯ ಸೇಂಟ್ ಮೇರಿ ಚರ್ಚಿನಲ್ಲಿ. ಆ ಚರ್ಚ್ ಈಗ ತೋಟಗಾರಿಕೆಯ ಮ್ಯೂಸಿಯಂ.