ಸರ್ ಚಂದ್ರಶೇಖರ ವೆಂಕಟರಾಮನ್ನರ ಜೀವನ ವೃತ್ತಾಂತ

ಮಳೆಗಾಲ ಮುಗಿದು ಮಂಜು ತೆರೆದ ದಿನ ಮೂಡಿಗೆರೆಯ ಕಡೆಯಿಂದ ಪಡುವಲಿಗೆ ನೋಡಿದರೆ ಹತ್ತಿರದ ಗುಡ್ಡವು ಹಸುರಾಗಿಯೂ, ಅದರಾಚೆಯದು ನೀಲಿಯಾಗಿಯೂ, ತೀರಾ ದೂರದ್ದು ಆಕಾಶದಲ್ಲೇ ಕರಗಿದ ಹಾಗೂ ಕಾಣುವದು. ಆ ದೂರದ ಗುಡ್ಡವನ್ನು ಹತ್ತಿ ಹೋದವನಿಗೆ ಅಲ್ಲಿ ನೀಲಿ ಎಂಬದು ಎಲ್ಲಿಯೂ ಸಿಕ್ಕದು. ಅಲ್ಲಿಯೂ ಇರುವದು ಕಾಡು, ಹುಲ್ಲು, ಕಾಫಿಯ ಗಿಡ ಮಾತ್ರವೇ. ಯಾಕಂದರೆ ನೀಲಿಯು ಗುಡ್ಡದಲ್ಲಿರದೆ ನಡುವಿನ ಗಾಳಿಯಲ್ಲಿರುತ್ತದೆ. ಸೂರ್ಯನ ಬೆಳಕು ಗಾಳಿಯ ಅಣುಗಳಿಗೆ ತಗಲಿ ಚದರುವಾಗ ಕೆಂಪಿಗಿಂತ ನೀಲಿಯೇ ಬಹಳ ಹೆಚ್ಚಾಗಿ ಚದರುವದು. ಇಂಥ ಸಾಧಾರಣವಾದ ಬಣ್ಣವೊಂದರ ಬೆನ್ನುಹತ್ತಿ ಹೋಗಿ ಲೋಕಪ್ರಸಿದ್ಧರಾದ ಒಬ್ಬರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ. ಅವರು ಹುಟ್ಟಿದ್ದು ತಮಿಳು ಸೀಮೆಯಲ್ಲಿ. ಆದರೆ ತಮ್ಮ ಆಯುಸ್ಸಿನ ಕಡೆಯ 37 ವರುಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು ಅಲ್ಲಿಯೇ ತೀರಿಕೊಂಡದ್ದರಿಂದ ಕನ್ನಡ ನಾಡು ಅವರನ್ನು ತನ್ನವರೆಂದು ಎಣಿಸುವದು ನ್ಯಾಯವೇ.

ವೆಂಕಟರಾಮನ್ನರು 1888ನೇ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಚಂದ್ರಶೇಖರ ಅಯ್ಯರ್ ಎಂಬವರು ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಉಪಾಧ್ಯಾಯರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಕುಟುಂಬವು ಆ ಸಮುದ್ರ ತೀರಕ್ಕೆ ಹೋಯಿತು. ಹುಡುಗನು ಅಲ್ಲಿಯ ಸಂತ ಅಲೋಶಿಯಸ್ ಶಾಲೆಯಲ್ಲಿ ಓದಿ ಹನ್ನೊಂದನೇ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಶನ್ ತೇರ್ಗಡೆಯಾದನು. ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, 1906ರಲ್ಲಿ, ಬೆಳಕಿನ ಕುರಿತು ಅವರು ಬರೆದ ಲೇಖನವು ಲಂಡನಿನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದಿನ ಓದಿಗಾಗಿ ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಆದರೆ ವೈದ್ಯನು ಪರೀಕ್ಷಿಸಿ ಈ ಬಡಕಲು ಶರೀರವು ಅಲ್ಲಿಯ ಚಳಿಯನ್ನು ತಾಳದೆಂದು ತಡೆದನು. ಹೀಗಿರಲಾಗಿ ಅವರು ಸರಕಾರದ ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕೂತು, ಮೊದಲಿಗರಾಗಿ ತೇರ್ಗಡೆಯಾಗಿ, 1907ರಲ್ಲಿ ಲೋಕಸುಂದರಿ ಎಂಬಾಕೆಯನ್ನು ಮದುವೆಯಾಗಿ, ಕಲ್ಕತ್ತೆಗೆ ಲೆಕ್ಕದ ಅಧಿಕಾರಿಯಾಗಿ ಹೋದರು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ ಒಂದು ವಿಜ್ಞಾನ ಸಂಘವಿತ್ತು. ಕಟ್ಟಡ ದೊಡ್ಡದು, ಕೆಲಸ ಮಾಡುವವರು ಮಾತ್ರ ವಿರಳ. ರಾಮನ್ನರು ಅದರ ಹಲಗೆಯನ್ನು ಕಂಡು ಒಳಕ್ಕೆ ಹೋದರು. ಅಂದಿನಿಂದ ಹತ್ತು ವರುಷ, ರಂಗೂನಿಗೂ ನಾಗಪುರಕ್ಕೂ ವರ್ಗವಾಗಿದ್ದ ಕಾಲವನ್ನು ಬಿಟ್ಟು, ಬೆಳಿಗ್ಗೆ ಸಂಘ, ಹಗಲೆಲ್ಲಾ ಕಛೇರಿ, ಸಂಜೆ ತಿರಿಗಿ ಸಂಘ, ಹೀಗೆ ಅವರ ದಿನಚರಿ. ಅಶುತೋಷ ಡೇ ಎಂಬ ಸಹಾಯಕನೊಬ್ಬನೇ ಜತೆಗಾರನು. ಪಿಟೀಲು, ವೀಣೆ, ತಬಲ, ಮೃದಂಗ ಇವುಗಳ ನಾದವನ್ನು ಅವರು ಆ ಕಾಲದಲ್ಲಿ ಅಳೆದು ಲೆಕ್ಕ ಹಾಕಿದರು. ಮೃದಂಗದ ಮುಚ್ಚಿಗೆಗೆ ನಡುವೆ ಕರಣೆ ಹಚ್ಚುವದರಿಂದಲೇ ಅದರ ಧ್ವನಿಗಳು ತಂತಿಯ ವಾದ್ಯದಂತೆ ಒಂದಕ್ಕೊಂದು ಹೊಂದಿಕೊಂಡು ಇಂಪಾಗುತ್ತವೆಂದು ತೋರಿಸಿಕೊಟ್ಟವರು ಅವರೇ. 1917ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಪ್ರಾಧ್ಯಾಪಕರ ಸ್ಥಾನವನ್ನು ಕೊಡಲು ಸರಕಾರದ ಕೆಲಸವನ್ನು ಬಿಟ್ಟುಬಿಟ್ಟರು. ಸಂಬಳವು ಸುಮಾರು ಅರ್ಧಕ್ಕೆ ಇಳಿಯಿತು. ಆ ಸ್ಥಾನಕ್ಕೆ ಬರುವವನು ವಿದೇಶದಲ್ಲಿ ಕಲಿತಿರಬೇಕೆಂಬ ಷರತ್ತು ಇತ್ತು. ರಾಮನ್ನರು ಒಪ್ಪಲಿಲ್ಲ, ಷರತ್ತನ್ನೇ ತೆಗೆಯಬೇಕಾಯಿತು. ಅವರ ಸ್ವಭಾವವು ಎಂಥದೆಂಬದನ್ನು ವಾಚಕರು ಇದರಿಂದಲೇ ಊಹಿಸಬಹುದು.

1921ರಲ್ಲಿ ಅವರು ಮೊದಲ ಸಾರಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದರು. ಹಿಂದಿರುಗುವಾಗ, ನಾರ್ಕುಂಡ ಎಂಬ ಹಡಗಿನ ಮೇಲಿನಿಂದ, ಮೆಡಿಟರೇನಿಯನ್ ಸಮುದ್ರದ ಕಡು ನೀಲಿಯನ್ನು ಕಂಡರು. ಸಮುದ್ರವು ಆಕಾಶದ ಪ್ರತಿಬಿಂಬದಿಂದ ನೀಲಿಯಾಗಿ ಕಾಣುತ್ತದೆಂದು ಲಾರ್ಡ್ ರೇಲೀ ಎಂಬ ದೊಡ್ಡ ಪಂಡಿತನು ಬರೆದಿದ್ದನು, ಎಲ್ಲರೂ ಅದನ್ನೇ ನಂಬಿದ್ದರು. ರಾಮನ್ನರ ಬಳಿ ಪ್ರತಿಬಿಂಬದ ಹೊಳಪನ್ನು ಅಡಗಿಸುವ ಸ್ಫಟಿಕದ ತುಂಡು ಒಂದಿತ್ತು. ಅದರ ಮೂಲಕ ನೋಡಿದರು. ಹೊಳಪು ಹೋಯಿತು, ನೀಲಿ ಹೋಗಲಿಲ್ಲ, ಇನ್ನಷ್ಟು ದಟ್ಟವಾಯಿತು. ಆದದರಿಂದ ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ತಿಳಿದರು.

ಊರಿಗೆ ಬಂದ ಬಳಿಕ ಏಳು ವರುಷ ಅವರೂ ಶಿಷ್ಯರೂ ಇದೇ ಕೆಲಸಕ್ಕೆ ನಿಂತರು: ನೀರು, ಮದ್ಯಸಾರ, ಗ್ಲಿಸರಿನ್, ಮಂಜುಗಡ್ಡೆ, ಗಾಜು, ಎಲ್ಲದರಲ್ಲಿಯೂ ಬೆಳಕು ಹೇಗೆ ಚದರುತ್ತದೆ ಎಂಬ ವಿಚಾರಣೆ. 1923ರಲ್ಲಿ ರಾಮನಾಥನ್ ಎಂಬ ಶಿಷ್ಯರಿಗೆ ಒಂದು ಸಣ್ಣ ತೊಡಕು ಕಂಡಿತು. ಒಂದು ಬಣ್ಣದ ಬೆಳಕನ್ನು ಮಾತ್ರ ದ್ರವಕ್ಕೆ ಬಿಟ್ಟರೂ, ಹೊರಗೆ ಬರುವ ಬೆಳಕಿನಲ್ಲಿ ಬೇರೊಂದು ಬಣ್ಣದ ಅತಿ ಮಸಕಾದ ಅಂಶವು ಬೆರೆತಿತ್ತು. ದ್ರವದಲ್ಲಿ ಕಶ್ಮಲವಿರಬಹುದೆಂದು ಎಣಿಸಿ ಅದನ್ನು ಭಟ್ಟಿ ಇಳಿಸಿ ಶುದ್ಧಮಾಡಿದರು. ಮಸಕು ಹೋಗಲಿಲ್ಲ. ತಿರಿಗಿ ಶುದ್ಧಮಾಡಿದರು, ಆದಾಗ್ಯೂ ಹೋಗಲಿಲ್ಲ. ಇದು ಕಶ್ಮಲವೆಂದು ಬಿಟ್ಟುಬಿಡಬಹುದಾಗಿತ್ತು. ಆ ಕಾಲದಲ್ಲಿ ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ರಾಮನ್ನರು ಬಿಡಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಎಂಬ ಶಿಷ್ಯರನ್ನು ಇದೊಂದೇ ಕೆಲಸಕ್ಕೆ ನೇಮಿಸಿದರು. ದೂರದರ್ಶಕದ ಗಾಜಿನಿಂದ ಸೂರ್ಯನ ಬಿಸಿಲನ್ನು ಒಟ್ಟುಮಾಡಿ, ಬಣ್ಣದ ಗಾಜುಗಳಿಂದ ಸೋಸಿ, ಧೂಳಿಲ್ಲದ ಸುಮಾರು 60 ಬಗೆಯ ದ್ರವಗಳಿಗೆ ಬಿಟ್ಟು ನೋಡಿದರು. ಎಲ್ಲದರಲ್ಲಿಯೂ ಅದೇ ಹೊಸ ಬೆಳಕು. ಫೆಬ್ರವರಿ 28ರಂದು ಸಣ್ಣ ರೋಹಿತದರ್ಶಕದ ಮೂಲಕ ನೋಡಿದಾಗ ಹೊಸ ಬಣ್ಣವು ಹಳೆಯದರಿಂದ ಬೇರೆಯಾಗಿಯೇ ನಿಂತದ್ದು ಸ್ಪಷ್ಟವಾಯಿತು. ಮಾರ್ಚ್ 16ರಂದು ರಾಮನ್ನರು ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಇದನ್ನು ವಿವರಿಸಿದರು. ಇವರ ಉಪಕರಣಗಳಿಗೆ ತಗಲಿದ ಖರ್ಚು ಕೆಲವು ನೂರು ರೂಪಾಯಿ ಮಾತ್ರ. ಅದೇ ಫೆಬ್ರವರಿಯಲ್ಲಿ ರಷ್ಯದ ಲಾಂಡ್ಸ್‌ಬರ್ಗ್, ಮಾಂಡೆಲ್‌ಷ್ಟಾಮ್ ಎಂಬಿಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರೆಂಬದನ್ನೂ ಹೇಳಬೇಕು; ಆದರೆ ಮೊದಲು ಪ್ರಕಟಿಸಿದವರು ಕಲ್ಕತ್ತೆಯವರು. 1930ರಲ್ಲಿ ರಾಮನ್ನರಿಗೆ ನೊಬೆಲ್ ಬಹುಮಾನ ದೊರೆಯಿತು. ವಿಜ್ಞಾನದಲ್ಲಿ ಅದನ್ನು ಪಡೆದ ಏಷ್ಯಾ ಖಂಡದವರಲ್ಲಿ ಇವರೇ ಮೊದಲಿಗರು.

ಈ ಹೊಸ ಬೆಳಕು ಏನೆಂದು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ಮರದ ಕೊಂಬೆಗೆ ಕಟ್ಟಿದ ಉಯ್ಯಾಲೆಯ ಹಲಗೆಗೆ ಮಗುವೊಂದು ರಬ್ಬರಿನ ಚೆಂಡನ್ನು ಎಸೆದರೆ ಚೆಂಡು ಪುಟಿದು ಬರುವದು. ಆದರೆ ಎಸೆದಷ್ಟು ಬಿರುಸಾಗಿ ಬಾರದು, ಯಾಕಂದರೆ ಅದರ ಬಲದಲ್ಲಿ ಸ್ವಲ್ಪವನ್ನು ಉಯ್ಯಾಲೆಯು ತೆಗೆದುಕೊಂಡು ತೂಗಾಡಲಾರಂಭಿಸುತ್ತದೆ. ಉಯ್ಯಾಲೆಯು ಮೊದಲೇ ತೂಗುತ್ತಾ ಮಗುವಿನ ಕಡೆಗೆ ಬರುತ್ತಿದ್ದರೆ ಚೆಂಡು ಇನ್ನೂ ಬಿರುಸಾಗಿ ಹಿಂದಿರುಗುವದು. ಬೆಳಕಿನ ಕಣವೇ ಆ ಚೆಂಡು, ಅಣುವೇ ಆ ಉಯ್ಯಾಲೆ. ಬೆಳಕಿನ ಬಲವು ಕುಗ್ಗಿದರೆ ಬಣ್ಣವು ಕೆಂಪಿನ ಕಡೆಗೂ, ಹೆಚ್ಚಿದರೆ ನೇರಿಳೆಯ ಕಡೆಗೂ ಸರಿಯುತ್ತದೆ. ಕೋಟಿ ಕಣಗಳಲ್ಲಿ ಒಂದಕ್ಕೆ ಮಾತ್ರ ಹೀಗಾಗುವದರಿಂದಲೇ ಅದು ಅಷ್ಟು ಮಸಕು. ಉಯ್ಯಾಲೆಗಳು ಒಂದೊಂದೂ ತನ್ನದೇ ತಾಳದಲ್ಲಿ ತೂಗುವ ಹಾಗೆ ಒಂದೊಂದು ಪದಾರ್ಥದ ಅಣುಗಳೂ ತಮ್ಮದೇ ತಾಳದಲ್ಲಿ ನಡುಗುತ್ತವೆ. ಆದದರಿಂದ ಹಿಂದಿರುಗಿದ ಬೆಳಕನ್ನು ನೋಡಿ, ಪದಾರ್ಥವನ್ನು ಕೆಡಿಸದೆ, ಅದು ಯಾವದೆಂದು ಗುರುತಿಸಬಹುದು.

ಇದರಿಂದ ನಮಗೇನೆಂದು ಕೇಳುವವರಿಗೆ ನಮ್ಮ ಕಣದಲ್ಲಿ ಒಣಗುವ ಕಾಫಿಯ ಮಾತನ್ನೇ ಹೇಳುತ್ತೇನೆ. ಅರೇಬಿಕಾ ಬೀಜದ ಎಣ್ಣೆಯಲ್ಲಿ ಕಾಹ್ವಿಯೋಲ್ ಎಂಬ ಅಂಶವು ಸಾಕಷ್ಟಿದೆ; ರೋಬಸ್ಟಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇವೆರಡನ್ನೂ ರಾಮನ್ ವಿಧಾನದಿಂದ ಬೇರ್ಪಡಿಸಿ ಹೇಳಬಹುದೆಂದು 2005ರಲ್ಲಿ ಪಂಡಿತರು ತೋರಿಸಿದ್ದಾರೆ. ಪುಡಿಯಾದ ಮೇಲೆ ಕಣ್ಣಿಗೆ ಎರಡೂ ಒಂದೇ ಎಂಬದು ಕೊಂಡು ಮೋಸಹೋದವರಿಗೆ ತಿಳಿದ ಸಂಗತಿಯೇ.

1960ರಲ್ಲಿ ಲೇಸರ್ ದೀಪ ಹುಟ್ಟಿದ ತರುವಾಯ ಈ ವಿಧಾನದ ಬಲವು ಬಹಳ ಹೆಚ್ಚಿತು. ಮೀಟರನ್ನು ನೂರು ಕೋಟಿ ಭಾಗಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಸೀಸಕಡ್ಡಿಯ ಗ್ರಾಫೈಟಿನಿಂದ ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯನ್ನು 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರ್ಪಡಿಸಿದರು; ಅದರ ದಪ್ಪ ನ್ಯಾನೋಮೀಟರಿನ ಮೂರರಲ್ಲೊಂದು ಪಾಲು. ಅದಕ್ಕೆ ಗ್ರಾಫೀನ್ ಎನ್ನುತ್ತಾರೆ. ಹಾಳೆ ಒಂದೇ ಇದೆಯೋ, ಎರಡು ಅಂಟಿಕೊಂಡಿವೆಯೋ ಎಂಬದನ್ನು ರಾಮನ್ ಬೆಳಕೇ ಹೇಳುವದೆಂದು 2006ರಲ್ಲಿ ತಿಳಿಯಿತು. 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎ. ಕೆ. ಸೂದ್ ರವರೂ ಸಂಗಡಿಗರೂ ಅಂಥ ಹಾಳೆಗೆ ವಿದ್ಯುತ್ತಿನ ಕಣಗಳು ಎಷ್ಟು ಸೇರಿದವೆಂಬದನ್ನು ಇದೇ ಬೆಳಕಿನಿಂದ ಅಳೆದರು. ಇನ್ನು ಅಯಾನುಗಳಿಂದ ನಡೆಯುವ ಹೊಸ ಬಗೆಯ ಗಣಕಯಂತ್ರಗಳಲ್ಲಿ, ಎರಡು ಲೇಸರ್ ಕಿರಣಗಳನ್ನು ಜೋಡಿಸಿ ಅಯಾನನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವ ಕ್ರಮಕ್ಕೂ ರಾಮನ್ನರ ಹೆಸರೇ ಇದೆ. 2021ರಲ್ಲಿ ಅಂಗಾರಕ ಗ್ರಹದ ಮೇಲೆ ಇಳಿದ ಅಮೇರಿಕದ ಯಂತ್ರವು ಅಲ್ಲಿಯ ಕಲ್ಲುಗಳನ್ನು ಪರೀಕ್ಷಿಸಲು ಇಂಥ ಉಪಕರಣಗಳೆರಡನ್ನು ಹೊತ್ತುಕೊಂಡು ಹೋಯಿತು.

ಇನ್ನು ಬೆಂಗಳೂರಿನ ಕಾಲಕ್ಕೆ ಬರೋಣ. 1933ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. ಬಂದ ವರುಷವೇ ಅವರಿಂದ ಒಂದು ತಪ್ಪು ನಡೆಯಿತು. ದೊಡ್ಡವರ ಚರಿತ್ರೆಯಲ್ಲಿ ಅದನ್ನು ಮುಚ್ಚಿಡುವದು ನನಗೆ ಸರಿತೋರುವದಿಲ್ಲ. ಮುಂಬಯಿಯ ವಿಶ್ವವಿದ್ಯಾಲಯದಲ್ಲಿ ಮೇಲಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಹುಡುಗಿ ಸೇರಿಸಿಕೊಳ್ಳಬೇಕೆಂದು ಬರೆದಾಗ, ಹೆಣ್ಣೆಂಬ ಕಾರಣದಿಂದ ಅವರು ನಿರಾಕರಿಸಿದರು. ಆಕೆ ಸುಮ್ಮನಾಗದೆ ಬೆಂಗಳೂರಿಗೇ ಬಂದು ಎದುರಿನಲ್ಲಿ ನಿಂತು ಕಾರಣ ಕೇಳಿದಳು. ಒಂದು ವರುಷ ಪರೀಕ್ಷೆಯ ಮೇಲೆ ಇರಬೇಕು, ಗಂಡಸರ ಕೆಲಸಕ್ಕೆ ತೊಂದರೆಯಾಗಬಾರದು ಎಂಬ ಷರತ್ತುಗಳನ್ನು ಹಾಕಿ ಸೇರಿಸಿಕೊಂಡರು. ಆಕೆಗೆ ಆ ಅವಮಾನವು ಜೀವಮಾನವೆಲ್ಲಾ ಮರೆಯಲಿಲ್ಲ. ಆದರೆ ಆಕೆಯ ಕೆಲಸವನ್ನು ಕಂಡ ರಾಮನ್ನರು ಮರು ವರುಷದಿಂದ ಹೆಣ್ಣುಮಕ್ಕಳಿಗೆ ಬಾಗಿಲನ್ನು ತೆರೆದರು. ಆಕೆ 1939ರಲ್ಲಿ ಕೇಂಬ್ರಿಜ್ಜಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. 1940ರಲ್ಲಿ ರಾಮನ್ನರ ಬಳಿಗೆ ಬಂದ ಆನಾ ಮಣಿಯು ನಮ್ಮಂಥ ಬೆಟ್ಟದ ಸೀಮೆಯವಳು. ತಿರುವಾಂಕೂರಿನ ಪೀರುಮೇಡಿನಲ್ಲಿ ಏಲಕ್ಕಿ ತೋಟವಿದ್ದ ಸುರಿಯಾನಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದಳು. ವಜ್ರ, ಮಾಣಿಕ್ಯಗಳ ಬೆಳಕನ್ನು ಹಿಡಿಯಲು ಛಾಯಾಚಿತ್ರದ ಫಲಕವನ್ನು ಹದಿನೈದು ಇಪ್ಪತ್ತು ತಾಸು ತೆರೆದಿಡಬೇಕಾಗಿದ್ದರಿಂದ ಆಕೆ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಮಲಗುತ್ತಿದ್ದಳು.

1935 ಮತ್ತು 36ರಲ್ಲಿ ರಾಮನ್ನರೂ ನಾಗೇಂದ್ರನಾಥ್ ಎಂಬ ಗಣಿತಜ್ಞರೂ ಸೇರಿ ಐದು ಲೇಖನಗಳನ್ನು ಬರೆದರು. ಕಿವಿಗೆ ಕೇಳದಷ್ಟು ಮೇಲಿನ ಶಬ್ದವನ್ನು ದ್ರವದಲ್ಲಿ ಹಾಯಿಸಿದರೆ ಅದು ಉತ್ತ ಹೊಲದ ಸಾಲುಗಳಂತಾಗುತ್ತದೆ. ಆ ಸಾಲುಗಳ ಮೂಲಕ ಬಂದ ಬೆಳಕು ಹಲವು ಕಿರಣಗಳಾಗಿ ಒಡೆಯುವದು ಯಾಕೆಂದು ಅವರು ಗಣಿತದಿಂದ ತೋರಿಸಿದರು. ಶಬ್ದದಿಂದ ಬೆಳಕನ್ನು ತಿದ್ದುವ ಯಂತ್ರಗಳನ್ನು ಕುರಿತ ಪುಸ್ತಕಗಳಲ್ಲಿ ಅವರಿಬ್ಬರ ಹೆಸರು ಈಗಲೂ ಇದೆ.

ಅದೇ ಕಾಲದಲ್ಲಿ ಹಿಟ್ಲರನ ಸರಕಾರವು ಹುದ್ದೆಯಿಂದ ತೆಗೆದ ಮ್ಯಾಕ್ಸ್ ಬಾರ್ನ್ ಎಂಬ ಜರ್ಮನ್ ಪಂಡಿತನನ್ನು ರಾಮನ್ನರು ಬೆಂಗಳೂರಿಗೆ ಕರೆಸಿದರು. ಅವನನ್ನು ಇಲ್ಲಿಯೇ ಪ್ರಾಧ್ಯಾಪಕನಾಗಿ ಉಳಿಸಿಕೊಳ್ಳಬೇಕೆಂದು ಬಹಳ ಹೋರಾಡಿದರು, ಆಗಲಿಲ್ಲ. ಮಂದಿರದೊಳಗಿನ ಜಗಳಗಳು ಬಲಿತು ವಿಚಾರಣಾ ಸಮಿತಿ ಬಂದು, 1937ರಲ್ಲಿ ರಾಮನ್ನರು ನಿರ್ದೇಶಕತನವನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ 1948ರ ವರೆಗೆ ಉಳಿದರು. ಆಶ್ಚರ್ಯವೇನಂದರೆ, ಯಾವನಿಗಾಗಿ ಅಷ್ಟು ಹೋರಾಡಿದರೋ ಆ ಬಾರ್ನನ ಸಂಗಡವೇ ಮುಂದೆ ಅವರ ದೊಡ್ಡ ವಿವಾದವು ಹುಟ್ಟಿತು. ಸ್ಫಟಿಕದಲ್ಲಿ ಪರಮಾಣುಗಳು ನಡುಗುವ ತಾಳಗಳು ಒಂದಕ್ಕೊಂದು ಸೇರಿಕೊಂಡ ಅಖಂಡ ಸಾಲೆಂದು ಬಾರ್ನನು ಬಹಳ ಮೊದಲೇ ಲೆಕ್ಕ ಹಾಕಿದ್ದನು. ವಜ್ರದ ರೋಹಿತದಲ್ಲಿ ಚೂಪಾದ ಗೆರೆಗಳನ್ನು ಕಂಡ ರಾಮನ್ನರು, ಎಣಿಸಬಹುದಾದ ಕೆಲವೇ ತಾಳಗಳಿವೆ ಎಂದು ಹಟ ಹಿಡಿದರು. ವರುಷಗಟ್ಟಲೆ ವಾದ ನಡೆಯಿತು. ಕಡೆಗೆ ನ್ಯೂಟ್ರಾನ್ ಕಣಗಳಿಂದ ಮಾಡಿದ ಪರೀಕ್ಷೆಗಳು ಬಾರ್ನನ ಪಕ್ಷವನ್ನೇ ಸ್ಥಿರಪಡಿಸಿದವು. ಈಗ ಗಣಕಯಂತ್ರಗಳಲ್ಲಿ ಹೊಸ ಲೋಹ, ಹೊಸ ಸ್ಫಟಿಕಗಳ ಗುಣವನ್ನು ಮಾಡುವದಕ್ಕೆ ಮುಂಚೆಯೇ ಲೆಕ್ಕಹಾಕುವವರು ಬಾರ್ನನ ದಾರಿಯನ್ನೇ ಹಿಡಿಯುತ್ತಾರೆ. ಆ ಲೆಕ್ಕವು ನಿಜವೋ ಎಂದು ನೋಡುವದಕ್ಕೆ ರಾಮನ್ನರ ಬೆಳಕನ್ನು ಬಿಡುತ್ತಾರೆ. ಕಣ್ಣಿಗೆ ಕಂಡದ್ದನ್ನು ಬಿಡದ ಅದೇ ಹಟವು 1928ರಲ್ಲಿ ಅವರನ್ನು ಗೆಲ್ಲಿಸಿತು, ಇಲ್ಲಿ ಸೋಲಿಸಿತು. ರಾಮನ್ನರು ಕೊನೆಯ ವರೆಗೂ ಒಪ್ಪಿಕೊಳ್ಳಲಿಲ್ಲ.

1934ರಲ್ಲಿ ಮೈಸೂರು ಮಹಾರಾಜರು ಕೊಟ್ಟಿದ್ದ ಭೂಮಿಯಲ್ಲಿ, ನಿವೃತ್ತರಾದ ಮೇಲೆ, ತಮ್ಮ ಹೆಸರಿನ ಸಂಶೋಧನಾ ಮಂದಿರವನ್ನು ತೆರೆದರು. ಊರೂರು ತಿರುಗಿ ಹಣ ಕೂಡಿಸಿದರು. ಸರಕಾರದ ಹಣವನ್ನು ಮಾತ್ರ ಮುಟ್ಟಲಿಲ್ಲ, ಯಾಕಂದರೆ ಹಣದ ಹಿಂದೆ ಅಪ್ಪಣೆ ಬರುತ್ತದೆಂಬದು ಅವರ ಎಣಿಕೆ. ನೂರಾರು ವಜ್ರಗಳು, ಮುತ್ತು, ಚಿಪ್ಪು, ಕಲ್ಲುಗಳನ್ನು ಕೂಡಿಸಿಟ್ಟರು. ತೋಟದಲ್ಲಿ ಗುಲಾಬಿಯನ್ನು ಬೆಳೆಸಿ ಹೂಗಳ ಬಣ್ಣವನ್ನೂ ಕಣ್ಣು ಬಣ್ಣವನ್ನು ಕಾಣುವ ಬಗೆಯನ್ನೂ ವಿಚಾರಿಸಿದರು. 1954ರಲ್ಲಿ ಭಾರತರತ್ನ ಬಿರುದು ಬಂತು.

1970ನೇ ಅಕ್ಟೋಬರ್ 2ರಂದು, ಗಾಂಧಿಯವರ ನೆನಪಿನ ವಾರ್ಷಿಕ ಉಪನ್ಯಾಸದಲ್ಲಿ, ಕಿವಿಯು ಶಬ್ದವನ್ನು ಕೇಳುವ ಬಗೆಯನ್ನು ಕುರಿತು ಮಾತಾಡಿದರು. ಅದೇ ಕಡೆಯದಾಯಿತು. ತಿಂಗಳ ಕೊನೆಗೆ ಪ್ರಯೋಗಶಾಲೆಯಲ್ಲಿಯೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಸಾಯಲು ಮನಸ್ಸಿಲ್ಲದೆ ತಮ್ಮ ಮಂದಿರಕ್ಕೆ ಕರಕೊಂಡು ಹೋಗಬೇಕೆಂದು ಕೇಳಿದರು. ನವೆಂಬರ್ 21ರ ಮುಂಜಾನೆ ತೀರಿಕೊಂಡರು; ಆಗ ಅವರಿಗೆ 82 ವರುಷ. ಅವರ ಇಷ್ಟದಂತೆ ಕ್ರಿಯಾಕರ್ಮಗಳಿಲ್ಲದೆ ಆ ತೋಟದಲ್ಲಿಯೇ ದಹನಮಾಡಿದರು. ಆ ಸ್ಥಳದಲ್ಲಿ ಗೋರಿಯನ್ನು ಕಟ್ಟಲಿಲ್ಲ. ಹಳದಿ ಹೂ ಬಿಡುವ ಒಂದು ಮರವನ್ನು ನೆಟ್ಟರು.