ತಾರೆಗಳ ಗಣಿತ ಕಲಿತು ಬಾಂಬಿನ ವಿಷ ಅಳೆದ ಡಿ.ಎಸ್. ಕೊಠಾರಿ

ಬಿ.ಎಡ್ ಓದಿದವರಿಗೆ, ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕುಳಿತವರಿಗೆ 1964-66ರ ಕೊಠಾರಿ ಆಯೋಗ ಚಿರಪರಿಚಿತ. ಆ ವರದಿಯನ್ನು ಮುಂದೆ ಮರುಮುದ್ರಿಸಿದ್ದು ದೆಹಲಿಯ ಹೌಜ್ ಖಾಸ್ ಬಳಿ ಇರುವ ಎನ್‌ಸಿಇಆರ್‌ಟಿ. ಆದರೆ ಆಯೋಗದ ಅಧ್ಯಕ್ಷ ದೌಲತ್ ಸಿಂಗ್ ಕೊಠಾರಿ ಮೂಲತಃ ಭೌತವಿಜ್ಞಾನಿ. ಅಣುಬಾಂಬ್ ಸಿಡಿದರೆ ಮನುಷ್ಯನಿಗೆ ಏನಾಗುತ್ತದೆ ಎಂದು ಭಾರತದಲ್ಲಿ ಲೆಕ್ಕ ಹಾಕಿ ಪುಸ್ತಕ ಬರೆದ ಮೊದಲಿಗರಲ್ಲಿ ಒಬ್ಬರು. ಈ ಸಂಗತಿ ತಿಳಿದವರು ಕಡಿಮೆ.

ಅವರು ಹುಟ್ಟಿದ್ದು 1906ರ ಜುಲೈ 6ರಂದು, ಉದಯಪುರದಲ್ಲಿ. ಶಾಲಾ ಮೇಷ್ಟ್ರಾಗಿದ್ದ ತಂದೆ ಪ್ಲೇಗ್‌ಗೆ ಬಲಿಯಾದಾಗ ದೌಲತ್ ಇನ್ನೂ ಬಾಲಕ. ತಂದೆಯ ಸ್ನೇಹಿತ ಸಿರೇಮಲ್ ಬಾಪ್ನಾ ಇಂದೋರ್‌ಗೆ ಕರೆದೊಯ್ದು ಓದಿಸಿದರು. ಉದಯಪುರದ ಮಹಾರಾಣಾ ನೀಡಿದ ವಿದ್ಯಾರ್ಥಿವೇತನದಿಂದ ಅಲಹಾಬಾದ್ ವಿಶ್ವವಿದ್ಯಾಲಯ ಸೇರಲು ಸಾಧ್ಯವಾಯಿತು. ಅಲ್ಲಿ ಗುರುವಾಗಿ ಸಿಕ್ಕವರು ಮೇಘನಾದ್ ಸಹಾ.

ಆ ಭೇಟಿಯೇ ಅವರ ಬದುಕಿನ ದಾರಿ ನಿರ್ಧರಿಸಿತು ಎನ್ನಬೇಕು. ನಕ್ಷತ್ರಗಳ ಕಾವಿಗೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಹೇಗೆ ಕಳಚಿಕೊಳ್ಳುತ್ತವೆ ಎಂಬುದಕ್ಕೆ ಸಮೀಕರಣ ಕೊಟ್ಟವರು ಸಹಾ. 1928ರಲ್ಲಿ ಎಂ.ಎಸ್ಸಿ ಮುಗಿಸಿದ ಶಿಷ್ಯ ಮುಂದೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋದರು. ಪರಮಾಣುವಿನ ಒಡಲಲ್ಲಿ ನ್ಯೂಕ್ಲಿಯಸ್ ಇದೆ ಎಂದು ಕಂಡುಕೊಂಡ ರುದರ್‌ಫೋರ್ಡ್ ಆಗ ಅದರ ಮುಖ್ಯಸ್ಥರು. ಶ್ವೇತಕುಬ್ಜ ತಾರೆಗಳ ಒಳಗೆ ಭಾರಿ ಒತ್ತಡಕ್ಕೆ ಸಿಕ್ಕ ದ್ರವ್ಯ ಹೇಗೆ ವರ್ತಿಸುತ್ತದೆ ಎಂಬುದು ಕೊಠಾರಿ ಅವರ ಆಸಕ್ತಿಯ ವಿಷಯವಾಯಿತು. ಅಪಾರ ಉಷ್ಣ, ಅಪಾರ ಒತ್ತಡ: ಬಾಂಬ್ ಸಿಡಿಯುವ ಕ್ಷಣದಲ್ಲೂ ಇರುವುದು ಇವೇ. 1934ರಲ್ಲಿ ದೆಹಲಿ ವಿಶ್ವವಿದ್ಯಾಲಯ ಸೇರಿ ಪಾಠಕ್ಕೆ ನಿಂತರು.

1948ರಲ್ಲಿ ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾದರು. ಅವರು ಕಟ್ಟಿದ ರಕ್ಷಣಾ ವಿಜ್ಞಾನ ಸಂಸ್ಥೆಯೇ 1958ರಲ್ಲಿ ಇತರ ಘಟಕಗಳ ಜೊತೆ ಸೇರಿ ಡಿಆರ್‌ಡಿಒ ಆಯಿತು. ಇಂದು ಬೆಂಗಳೂರಿನಲ್ಲೇ ಅದರ ಹಲವು ಪ್ರಯೋಗಾಲಯಗಳಿವೆ.

1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ವಿಕಿರಣ ಬೂದಿ ದೂರದಲ್ಲಿದ್ದ ಜಪಾನಿನ ಮೀನುಗಾರಿಕಾ ದೋಣಿಯ ಮೇಲೆ ಸುರಿಯಿತು. 23 ಮಂದಿ ಕಾಯಿಲೆ ಬಿದ್ದರು, ಒಬ್ಬರು ಅದೇ ವರ್ಷ ತೀರಿಕೊಂಡರು. ಪರೀಕ್ಷೆಗಳನ್ನು ನಿಲ್ಲಿಸಿ ಎಂದು ನೆಹರೂ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ಒತ್ತಾಯಿಸಿದರು. ಬರೀ ಒತ್ತಾಯ ಸಾಲದು, ಅಂಕಿ-ಅಂಶವೂ ಬೇಕಿತ್ತು. ಆ ಕೆಲಸ ಕೊಠಾರಿ ಅವರಿಗೆ ಬಂತು.

ಅಣ್ವಸ್ತ್ರ ಸ್ಫೋಟ ಮತ್ತು ಅದರ ಪರಿಣಾಮಗಳ ಕುರಿತ ಅವರ ಪುಸ್ತಕ 1956ರಲ್ಲಿ ಪ್ರಕಟವಾಯಿತು. ಮುನ್ನುಡಿ ನೆಹರೂ ಅವರದು. ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಚಾಲನೆಗೊಂಡದ್ದೂ ಅದೇ ವರ್ಷ! ಬಾಂಬ್ ಇದ್ದರೆ ಶತ್ರು ಹೆದರುತ್ತಾನೆ ಎಂಬ ವಾದ ಜೋರಾಗಿದ್ದ ಕಾಲದಲ್ಲಿ, ಕೊಠಾರಿ ಅವರ ಗಮನ ಇದ್ದದ್ದು ಬೂದಿಯ ಮೇಲೆ. ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆಯೇ ವರ್ತಿಸುತ್ತದೆ. ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿನ ಮೂಳೆಗೆ ಸೇರುತ್ತದೆ. ಅರ್ಧದಷ್ಟು ಕರಗಲು ಸುಮಾರು 29 ವರ್ಷ ಬೇಕು. ವಂಶವಾಹಿಗಳಿಗೆ ಆಗುವ ಹಾನಿಯನ್ನೂ ಪುಸ್ತಕ ಚರ್ಚಿಸಿತು. 1958ರಲ್ಲಿ ಪರಿಷ್ಕೃತ ಆವೃತ್ತಿ ಬಂತು.

ಗಮನಿಸಬೇಕಾದ ಮಾತೆಂದರೆ, ಸಲಹೆಗಾರರಾಗಿದ್ದ ಅಷ್ಟೂ ವರ್ಷ ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಿಡಲಿಲ್ಲ. ಬಿಟ್ಟದ್ದು 1961ರಲ್ಲಿ, ಯುಜಿಸಿ ಅಧ್ಯಕ್ಷರಾದಾಗ. 1973ರಲ್ಲಿ ಪದ್ಮವಿಭೂಷಣ ಸಂದಿತು. 1993ರ ಫೆಬ್ರವರಿ 4ರಂದು ನಿಧನರಾದರು.